ಹೆಸಲ್ ರಸ್ತೆಯ ಕರಿದ ಮೀನು

ಇಂಗ್ಲೆಂಡಿನ ಪೂರ್ವ ಕರಾವಳಿಯ ಬಳಿ, ಹಂಬರ್ ಅಳಿವೆಯ ಉತ್ತರ ದಡದಲ್ಲಿ ಹಲ್ ಎಂಬ ಬಂದರು ನಗರವಿದೆ. ಅದರ ಪಶ್ಚಿಮ ಭಾಗದ ಹೆಸಲ್ ರಸ್ತೆ ಒಂದು ಕಾಲಕ್ಕೆ ಬೆಸ್ತರ ರಾಜಬೀದಿ. ಅಲ್ಲಿಯ ಗಂಡಸರು ಬಲೆಯೆಳೆಯುವ ದೊಡ್ಡ ಹಡಗುಗಳನ್ನೇರಿ ಐಸ್‌ಲೆಂಡ್, ನಾರ್ವೆಗಳ ಹಿಮಸಮುದ್ರಕ್ಕೆ ಹೋಗಿ, ಮೂರು ವಾರ ಕಳೆದು, ಕಾಡ್ ಮತ್ತು ಹ್ಯಾಡಕ್ ಮೀನುಗಳನ್ನು ತುಂಬಿಕೊಂಡು ಬರುತ್ತಿದ್ದರು. ಮನೆಯಲ್ಲಿ ಎರಡು ಮೂರು ದಿನ ತಂಗಿ ಮತ್ತೆ ಹೊರಡುತ್ತಿದ್ದರು. ಆ ದೇಶದಲ್ಲಿ ಬಡವರ ಮೃಷ್ಟಾನ್ನವೆನಿಸಿದ 'ಫಿಶ್ ಅಂಡ್ ಚಿಪ್ಸ್' ಇಂಥವರ ದುಡಿಮೆಯ ಫಲ.

ಇದನ್ನು ಅಂಗಡಿಯಿಂದ ತರುವುದೇ ವಾಡಿಕೆಯಾದರೂ ಮನೆಯಲ್ಲಿ ಮಾಡುವವರೂ ಉಂಟು. ಬೋಂಡ ಕರಿಯಬಲ್ಲ ಕನ್ನಡ ಗೃಹಿಣಿಗೆ ಅದರ ಮರ್ಮ ತಿಳಿಯುವುದು ಕಷ್ಟವಲ್ಲ. 200 ಗ್ರಾಂ ಮೈದಾ ಹಿಟ್ಟಿಗೆ ಒಂದು ಚಮಚ ಬೇಕಿಂಗ್ ಪೌಡರ್ ಹಾಗೂ ಚಿಟಿಕೆ ಉಪ್ಪು ಬೆರೆಸಿ, ಸುಮಾರು 250 ಮಿಲಿಲೀಟರ್ ತಣ್ಣನೆಯ ಬೀರು ಸುರಿದು ಬೇಗನೆ ಕಲಸುತ್ತಾರೆ. ಬಹಳ ಹೊತ್ತು ಕಲಸಿದರೆ ಹಿಟ್ಟು ಜಿಗುಟಾಗಿ, ಕರಿದ ಮೇಲೆ ಚರ್ಮದಂತಾಗುತ್ತದೆ. ಬೋಂಡದಲ್ಲಿ ಅಡಿಗೆ ಸೋಡ ಮಾಡುವ ಕೆಲಸವನ್ನು ಇಲ್ಲಿ ಬೀರಿನ ಗುಳ್ಳೆಗಳೂ ಮಾಡುತ್ತವೆ. ಅದರ ಮದ್ಯಸಾರ ನೀರಿಗಿಂತ ಬೇಗ ಆವಿಯಾಗುವುದರಿಂದ ಹೊದಿಕೆ ಗರಿಗರಿಯಾಗುತ್ತದೆ. ಬೀರನ್ನು ಒಲ್ಲದವರು ಸೋಡಾ ನೀರು ಬಳಸುತ್ತಾರೆ.

ಅಲ್ಲಿ ಚಿಪ್ಸ್ ಎಂದರೆ ತೆಳ್ಳನೆಯ ಬಿಲ್ಲೆಗಳಲ್ಲ, ಬೆರಳುಗಾತ್ರದ ಆಲೂಗಡ್ಡೆಯ ಹೋಳುಗಳು. ಅವನ್ನು ತೊಳೆದು ಒರೆಸಿ, ಮೊದಲು ಸುಮಾರು 140 ಡಿಗ್ರಿ ಸೆಂಟಿಗ್ರೇಡ್ ಕಾವಿನ ಎಣ್ಣೆಯಲ್ಲಿ ಬಣ್ಣ ಬಾರದಂತೆ ಬೇಯಿಸಿ ತೆಗೆದಿಡುತ್ತಾರೆ. ಎಣ್ಣೆ 180 ಡಿಗ್ರಿಗೆ ಏರಿದಾಗ, ತೇವವಾರಿದ ಮೀನಿಗೆ ಒಣಹಿಟ್ಟು ಸವರಿ, ಕಲಸಿದ ಹಿಟ್ಟಿನಲ್ಲಿ ಅದ್ದಿ, ಐದಾರು ನಿಮಿಷ ಕರಿಯುತ್ತಾರೆ. ಕೊನೆಗೆ ಆಲೂಗಡ್ಡೆಯನ್ನು ಮತ್ತೊಮ್ಮೆ ಹೊಂಬಣ್ಣಕ್ಕೆ ಕರಿದು, ಉಪ್ಪು, ವಿನಿಗರ್ ಚಿಮುಕಿಸುತ್ತಾರೆ. ಹಲ್ ನಗರಕ್ಕೆ ವಿಶಿಷ್ಟವಾದ 'ಪ್ಯಾಟಿ'ಯಲ್ಲಿ ಮೀನೇ ಇಲ್ಲ: ಬೆಂದ ಆಲೂಗಡ್ಡೆಯನ್ನು ಸೇಜ್ ಎಂಬ ಸುವಾಸನೆಯ ಸೊಪ್ಪಿನೊಡನೆ ಹಿಸುಕಿ ತಟ್ಟಿ, ಹಿಟ್ಟಿನಲ್ಲಿ ಅದ್ದಿ ಕರಿದದ್ದು ಅದು. ಆಲೂಗಡ್ಡೆ ಬೋಂಡದ ತಂಗಿಯೇ ಸರಿ.

ಆದರೆ ಹೆಸಲ್ ರಸ್ತೆಯವರು ಮೀನಿನ ಬೆಲೆಯನ್ನು ಕಾಸಿನಲ್ಲಷ್ಟೇ ಎಣಿಸುವಂತಿರಲಿಲ್ಲ. ಗಂಡ ಹಡಗೇರಿದ ದಿನ ಹೆಂಡತಿ ಬಟ್ಟೆ ಒಗೆಯುತ್ತಿರಲಿಲ್ಲ. ಒಗೆದರೆ ಅಲೆ ಅವನನ್ನು ತೊಳೆದೊಯ್ದೀತೆಂಬ ಅಂಜಿಕೆ. 1968ರ ಜನವರಿ, ಫೆಬ್ರವರಿಗಳಲ್ಲಿ ಆ ಅಂಜಿಕೆ ನಿಜವಾಯಿತು. ಸೇಂಟ್ ರೊಮೇನಸ್, ಕಿಂಗ್‌ಸ್ಟನ್ ಪೆರಿಡಾಟ್, ರಾಸ್ ಕ್ಲೀವ್‌ಲೆಂಡ್ ಎಂಬ ಮೂರು ಹಡಗುಗಳು ಕೆಲವೇ ವಾರಗಳಲ್ಲಿ ಒಂದರ ಹಿಂದೊಂದು ಮುಳುಗಿದವು. 58 ಮಂದಿ ಮಡಿದರು. ಬದುಕಿ ಬಂದವನು ಒಬ್ಬನೇ. ಮೊದಲ ಹಡಗಿನಲ್ಲಿ ವೈರ್‌ಲೆಸ್ ನಡೆಸುವವನೇ ಇರಲಿಲ್ಲ.

ಆಗ ಲಿಲಿಯನ್ ಬಿಲೊಕಾ ಎಂಬ ಹೆಂಗಸು ಎದ್ದು ನಿಂತಳು. ಆಕೆ ಮೀನು ಸೀಳುವ ಕಾರ್ಖಾನೆಯ ಕೂಲಿ. ಆಕೆಯ ಮಗನೂ ಕಡಲಿಗೆ ಹೋಗುವವನು. ತಲೆಗೆ ವಸ್ತ್ರ ಕಟ್ಟಿದ ನೆರೆಹೊರೆಯ ಹೆಂಗಸರು ಜತೆಗೂಡಿ 10,000 ಸಹಿಗಳನ್ನು ಸಂಗ್ರಹಿಸಿದರು; ಲಂಡನ್ನಿಗೆ ಹೋಗಿ ಮಂತ್ರಿಗಳನ್ನು ಕಂಡರು. ಪ್ರತಿ ಹಡಗಿಗೂ ವೈರ್‌ಲೆಸ್ ನಡೆಸುವವನು ಬೇಕೆಂಬುದು ಅವರ ಬೇಡಿಕೆಗಳಲ್ಲೊಂದು. ಸರ್ಕಾರ ಒಪ್ಪಿತು. ಬಿಲೊಕಾಳಿಗೆ ದೊರೆತದ್ದು ಬೆದರಿಕೆಯ ಪತ್ರಗಳು. ಇದ್ದ ಕೆಲಸವೂ ಹೋಯಿತು. 1988ರಲ್ಲಿ ಆಕೆ ತೀರಿಕೊಂಡಳು.

ಐಸ್‌ಲೆಂಡ್ ಹಾಕಿದ 200 ಕಡಲ ಮೈಲಿಗಳ ಎಲ್ಲೆಯನ್ನು ಬ್ರಿಟನ್ 1976ರಲ್ಲಿ ಒಪ್ಪಿಕೊಂಡ ಮೇಲೆ ಹಲ್ ನಗರದ ದೂರಸಮುದ್ರದ ಮೀನುಗಾರಿಕೆ ಕ್ಷೀಣಿಸಿತು. ಇಂದು ಆ ದೇಶದ ಬಾಣಲೆಗಳಲ್ಲಿ ಬೇಯುವ ಕಾಡ್ ಮೀನು ಬಹುಮಟ್ಟಿಗೆ ಹೊರನಾಡಿನದು. ಯಾವ ನಾಡಿನ ಹಡಗಾದರೇನು, ಹೋದವರು ಮನೆಗೆ ಹಿಂದಿರುಗಿದರೆ ಮಾತ್ರ ತಟ್ಟೆಯ ತುತ್ತು ರುಚಿಸೀತು. ಹೆಸಲ್ ರಸ್ತೆಯ ಹೆಂಗಸರು ಮಂತ್ರಿಗಳ ಮುಂದೆ ನಿಂತು ಹೇಳಿದ್ದು ಇಷ್ಟನ್ನೇ.