ಪಾದಪಗಳ ಪಾನೀಯ

ಕಳೆದ ಮಾಘಮಾಸದಲ್ಲಿ ದೊಡ್ಡಬಳ್ಳಾಪುರದ ಕಡೆಗೆ ಹೋಗಬೇಕಾಗಿ ಬಂದಿತು. ಯಲಹಂಕವನ್ನು ಬಿಟ್ಟು ರಾಜಾನುಕುಂಟೆಯನ್ನು ದಾಟಿದ ಮೇಲೆ, ಹೊಲಗಳ ನಡುವೆ ಬಿಳಿಯ ಡೇರೆಗಳಂತಹ ಪಾಲಿಹೌಸುಗಳು ಅಲ್ಲಲ್ಲಿ ಕಾಣುತ್ತವೆ. ಅವುಗಳಲ್ಲೊಂದು ನನ್ನ ಸೋದರಳಿಯನದು. ಅರ್ಧ ಎಕರೆ ಜರ್ಬೆರಾ ಹೂವು. ಅದಕ್ಕಾಗಿ ಮನೆಯನ್ನು ಒತ್ತೆಯಿಟ್ಟು ತಂದ ಸಾಲ. ಎಲೆಗಳು ಹಳದಿಯಾಗುತ್ತಿವೆಯೆಂದು ತಂಗಿಯು ಕಣ್ಣೀರಿಟ್ಟು ತಿಳಿಸಿದ್ದಳು. ಸಂಸ್ಕೃತದ ಮೇಷ್ಟರಿಂದ ಆಗತಕ್ಕದ್ದೇನು? ಆದರೂ ಹೊರಟೆನು.

ಒಳಹೊಕ್ಕೊಡನೆ ಆಶ್ಚರ್ಯವಾಯಿತು. ಅಲ್ಲಿ ಮಣ್ಣೇ ಇಲ್ಲ! ಕುಂಡಗಳಲ್ಲಿ ತೆಂಗಿನ ನಾರಿನ ಪುಡಿ. ಒಂದೊಂದರ ಬುಡಕ್ಕೂ ಸಣ್ಣ ಕೊಳವೆಯಿಂದ ತೊಟ್ಟುತೊಟ್ಟಾಗಿ ಬೀಳುವ ಲವಣಜಲ. ಮರಕ್ಕೆ ಪಾದಪವೆಂದು, ಎಂದರೆ ಪಾದದಿಂದ ಕುಡಿಯುವುದೆಂದು, ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ಶಬ್ದದ ಅರ್ಥವು ಕಣ್ಣಿಗೆ ಬಿದ್ದುದು ಅಂದೇ. ಸುರಪಾಲನ ವೃಕ್ಷಾಯುರ್ವೇದದಲ್ಲಿಯೂ ಕುಣಪಜಲವೆಂಬ ದ್ರವಗೊಬ್ಬರವುಂಟು. ಮಾಂಸವನ್ನು ಕೊಳೆಸಿ ಮಾಡುವ ಅದರ ವಾಸನೆಯನ್ನು ನೆನೆದರೆ ಈ ಉಪ್ಪುನೀರೇ ಲೇಸು.

ಮೂಲೆಯಲ್ಲಿ ಎರಡು ಪೀಪಾಯಿಗಳಿದ್ದುವು. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟು ಮತ್ತು ಕಬ್ಬಿಣದ ಲವಣ. ಇನ್ನೊಂದರಲ್ಲಿ ಫಾಸ್ಫೇಟು, ಸಲ್ಫೇಟುಗಳು. ಗಾಢವಾಗಿರುವಾಗ ಇವನ್ನು ಕೂಡಿಸಿದರೆ ಬಿಳಿಯ ಮಡ್ಡಿಯು ತಳಕ್ಕಿಳಿದು ಕೊಳವೆಗಳು ಕಟ್ಟಿಕೊಳ್ಳುತ್ತವೆ. ಬಹಳ ನೀರಿನಲ್ಲಿ ಕಲೆತರೆ ಬಾಧಕವಿಲ್ಲ. "ಅತ್ತೆಸೊಸೆಯರನ್ನು ದೊಡ್ಡ ಮನೆಯಲ್ಲಿಡಬಹುದು, ಒಂದೇ ಕೋಣೆಯಲ್ಲಿ ಕೂಡದು" ಎಂದು ತಂಗಿಯು ಆ ದುಃಖದಲ್ಲಿಯೂ ನಕ್ಕಳು.

ಹುಡುಗನು ಹಳದಿಯನ್ನು ಕಂಡು ಹಸಿವೆಯೆಂದು ಬಗೆದು ಗೊಬ್ಬರವನ್ನು ಹೆಚ್ಚಿಸುತ್ತ ಹೋಗಿದ್ದನು. ಹೆಚ್ಚಿಸಿದಷ್ಟೂ ಎಲೆಯಂಚು ಸುಟ್ಟಿತು. ಅಂದು ಬಂದಿದ್ದ ತಜ್ಞರೊಬ್ಬರು ಎಲೆಯನ್ನು ನೋಡುವುದಕ್ಕೆ ಮೊದಲೇ ಕುಂಡದಿಂದ ಸೋರಿದ ನೀರನ್ನು ಕೇಳಿದರು. ಜರ್ಬೆರಾಕ್ಕೆ ಕೊಡುವ ನೀರಿನ ಇ.ಸಿ., ಎಂದರೆ ಲವಣದ ಅಳತೆ, ಸುಮಾರು ೧.೫ರಿಂದ ೨ರವರೆಗೆ ಇರಬೇಕಂತೆ, ಪಿ.ಎಚ್., ಎಂದರೆ ಹುಳಿ-ಕ್ಷಾರಗಳ ಅಳತೆ, ೫.೫ರಿಂದ ೬ರವರೆಗೆ. ಸೋರಿದ ನೀರಿನಲ್ಲಿ ಇ.ಸಿ. ೪ನ್ನು ಮೀರಿತ್ತು, ಪಿ.ಎಚ್. ೭.೪. ಕೊಳವೆಬಾವಿಯ ಗಡಸು ನೀರಿನ ಬೈಕಾರ್ಬೊನೇಟೇ ಇದಕ್ಕೆ ಕಾರಣವಾಗಿತ್ತು. ಎಳೆಯೆಲೆ ಹಳದಿ, ನರ ಮಾತ್ರ ಹಸುರು: ಇದು ಕಬ್ಬಿಣದ ಕೊರತೆಯ ಲಕ್ಷಣ. ಪೀಪಾಯಿಯಲ್ಲಿ ಕಬ್ಬಿಣವಿರಲಿಲ್ಲವೆಂದಲ್ಲ, ಕ್ಷಾರದಲ್ಲಿ ಅದು ಬೇರಿಗೆ ದಕ್ಕದು. ಎಲೆಯ ತುಂಬ ಬಡಿಸಿದ್ದರೂ ಉಣ್ಣಲಾರದೆ ಕುಳಿತ ಅತಿಥಿಯ ಪಾಡು.

ಗೊಬ್ಬರವನ್ನು ನಿಲ್ಲಿಸಿ, ನೈಟ್ರಿಕ್ ಆಮ್ಲವನ್ನು ಅಳತೆಯಿಂದ ಸೇರಿಸಿದ ಬರಿಯ ನೀರಿನಿಂದ ಕುಂಡಗಳನ್ನು ತೊಳೆದರು. ಆಮ್ಲವನ್ನು ನೀರಿಗೆ ಹಾಕಬೇಕಲ್ಲದೆ ನೀರನ್ನು ಆಮ್ಲಕ್ಕೆ ಎಂದಿಗೂ ಸುರಿಯಬಾರದು. ಹುಡುಗನಿಂದ ಇದನ್ನು ಮೂರು ಸಲ ಹೇಳಿಸಿದೆನು, ಹಳೆಯ ಅಭ್ಯಾಸ. ಆ ಬಳಿಕ ಅಳತೆಯ ಪಾನೀಯ, ಪ್ರತಿ ಬೆಳಗ್ಗೆ ಸೋರಿದ ನೀರಿನ ಪರೀಕ್ಷೆ.

ಲಗ್ನಕಾಲದ ಹೂವಂತೂ ಹೋಯಿತು. ಸಾಲದ ಒಂದು ಕಂತೂ ತಪ್ಪಿತು. ಮೂರು ವಾರಗಳ ಮೇಲೆ ಹಸುರಾದ ಹೊಸ ಎಲೆಗಳು ಬಂದುವು. ಅಳತೆಯ ಪುಸ್ತಕವನ್ನು ಈಗ ತಂಗಿಯೇ ಬರೆಯುತ್ತಾಳೆ. ಯುಗಾದಿಗೆ ಅವಳಿಂದ ಬಂದ ಕಾಗದದ ತಲೆಯಲ್ಲಿ ಶ್ರೀಕಾರದ ಕೆಳಗೆ ೧.೮, ೫.೭ ಎಂದಿತ್ತು, ಕ್ಷೇಮಸಮಾಚಾರವು ಆಮೇಲೆ.