ಬಡಿಸಿದವಳ ಪಾಲು

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯೆಯನ್ನು ಮುಗಿಸಿ ಹೊರಡುವ ಶಿಷ್ಯನಿಗೆ ಗುರುವು ತಾಯಿ, ತಂದೆ, ಆಚಾರ್ಯರ ಸಾಲಿನಲ್ಲಿಯೇ ಅತಿಥಿಯನ್ನೂ ಇರಿಸಿ, ಅವನನ್ನು ದೇವರೆಂದು ಭಾವಿಸುವಂತೆ ಬೋಧಿಸುತ್ತಾನೆ. ಆದರೆ ದೇವರಾದ ಅತಿಥಿಯು ತಾನು ಹೇಗೆ ನಡೆದುಕೊಳ್ಳತಕ್ಕದ್ದೆಂಬುದು ಅಲ್ಲಿ ಉಕ್ತವಾಗಿಲ್ಲ. ಹಣವನ್ನು ಕೊಟ್ಟು ಉಣ್ಣುವ ಅತಿಥಿಯ ಧರ್ಮವೇನು? ಈ ಪ್ರಶ್ನೆಯು 2024ನೆಯ ಇಸವಿಯ ಮೇ ತಿಂಗಳಿನಲ್ಲಿ, ಅಮೆರಿಕದ ಡಲಾಸ್ ನಗರದಲ್ಲಿ, ವೃದ್ಧ ದಂಪತಿಗಳಿಗೆ ಎದುರಾಯಿತು.

ಅಂಚೆಯ ಇಲಾಖೆಯಿಂದ ನಿವೃತ್ತರಾದ ರಾಯರೂ ಅವರ ಪತ್ನಿಯೂ ಅರಸೀಕೆರೆಯಿಂದ ಮಗಳ ಮನೆಗೆ ಹೋಗಿದ್ದರು. ಆ ತಿಂಗಳಲ್ಲಿ ಅವರ ವಿವಾಹಕ್ಕೆ 40 ವರ್ಷಗಳು ತುಂಬಿದುವು. ಮಗಳು ಆಸ್ಪತ್ರೆಯಲ್ಲಿ ದಾದಿ. ಆ ರಾತ್ರಿ ಅವಳಿಗೆ ಕೆಲಸದ ಸರದಿ. ಅಳಿಯನು ಮಗುವನ್ನು ನೋಡಿಕೊಳ್ಳಬೇಕು. ಆದುದರಿಂದ ತಂದೆತಾಯಿಗಳಿಬ್ಬರೇ ಹೋಗಿ ಸಂತೋಷವಾಗಿ ಊಟಮಾಡಿ ಬರಲೆಂದು, ಮಗಳು ಒಂದು ರೆಸ್ಟೋರೆಂಟಿನಲ್ಲಿ ಮೇಜನ್ನು ಗೊತ್ತುಮಾಡಿ, 100 ಡಾಲರುಗಳನ್ನು ತಂದೆಯ ಕೈಯಲ್ಲಿಟ್ಟು, ಬಾಗಿಲವರೆಗೂ ಬಿಟ್ಟುಹೋದಳು.

ಆ ಭೋಜನಶಾಲೆಯು ಅಮೆರಿಕದಲ್ಲಿ ಬಹಳವಾಗಿ ಕಾಣುವ ಒಂದು ಜಾತಿಗೆ ಸೇರಿದುದು. ದೊಡ್ಡ ಹೋಟೆಲುಗಳಂತೆ ಅಲ್ಲಿ ಕೋಟು ಕಂಠಕೌಪೀನಗಳ ನಿರ್ಬಂಧವಿಲ್ಲ. ಮೇಜಿನ ಮೇಲೆ ಬಿಳಿಯ ವಸ್ತ್ರವಿಲ್ಲ. ಗೋಡೆಯ ಇಟ್ಟಿಗೆಗೆ ಗಾರೆಯೂ ಇಲ್ಲ. ಬಿಗುಮಾನವನ್ನೆಲ್ಲ ಬಿಟ್ಟು ಬೆಲೆಯೊಂದನ್ನು ಮಾತ್ರ ಉಳಿಸಿಕೊಂಡ ಸ್ಥಳವದು. ಗೊತ್ತಾದ ವೇಳೆ 7 ಘಂಟೆ. ಮೇಜು ತೆರವಾಗಿರಲಿಲ್ಲವಾಗಿ ಬಾಗಿಲಿನಲ್ಲಿದ್ದವನು ಅವರ ಕೈಗೆ ಒಂದು ಕರಿಯ ಬಿಲ್ಲೆಯನ್ನು ಕೊಟ್ಟು ಕುಳಿತಿರಹೇಳಿದನು. 40 ನಿಮಿಷಗಳಾದ ಮೇಲೆ ಅದು ಕೆಂಪಾಗಿ ಮಿನುಗಿ ಗಡಗಡನೆ ನಡುಗಲು, ಪತ್ನಿಯು ಬೆಚ್ಚಿ ಅದನ್ನು ನೆಲಕ್ಕೆ ಬಿಟ್ಟರು. ಮೇಜು ಸಿದ್ಧವಾಯಿತೆಂಬುದಕ್ಕೆ ಅದು ಸೂಚನೆ.

ಒಳಗೆ ದೀಪಗಳು ಹೆಸರಿಗೆ ಮಾತ್ರ. ರಾಯರು ಮೊಬೈಲಿನ ಬೆಳಕನ್ನು ಹಿಡಿದು ಭಕ್ಷ್ಯಗಳ ಪಟ್ಟಿಯನ್ನು ಓದಿದರು. ಸಂಗೀತದ ಅಬ್ಬರವಾದರೋ ಹೇಳತೀರದು. 40 ವರ್ಷಗಳ ಬಾಳನ್ನು ನೆನೆದು ನಾಲ್ಕು ಮಾತನಾಡೋಣವೆಂದು ಬಂದವರು ನೀರು ಬೇಕೆಂಬುದನ್ನು ಹೇಳುವುದಕ್ಕೂ ಕೂಗಬೇಕಾಯಿತು.

ಬಡಿಸಲು ಬಂದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ದಂಪತಿಗಳು ಮಾಂಸವನ್ನು ಮುಟ್ಟದವರೆಂದು ತಿಳಿದೊಡನೆ, ಅವರು ಬಯಸಿದ ಟೊಮೇಟೊ ಸೂಪಿನ ವಿಷಯವಾಗಿ ತಾನೇ ಅಡಿಗೆಯ ಮನೆಗೆ ಹೋಗಿ ವಿಚಾರಿಸಿ ಬಂದು, ಅದಕ್ಕೆ ಕೋಳಿಯ ಮೂಳೆಯ ರಸ ಸೇರಿದೆ, ಬೇಡವೆಂದಳು. ರಿಸೊಟ್ಟೊ ಎಂಬ ಅಣಬೆಯ ಅನ್ನಕ್ಕಾಗಿ ಇನ್ನೊಮ್ಮೆ ಹೋಗಿ ಬಂದು, ಅದು ತರಕಾರಿಯ ರಸದಲ್ಲಿಯೇ ಬೆಂದುದೆಂದು ತಿಳಿಸಿದಳು. ಅವಳಿಗೆ ಆಗ ಏಳು ಮೇಜುಗಳ ಕೆಲಸವಿದ್ದಿತು.

ರಿಸೊಟ್ಟೊ ಉತ್ತರ ಇಟಲಿಯ ಪಾಕ. ಗಿಡ್ಡನೆಯ ದಪ್ಪ ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ಬಿಸಿಯಾದ ರಸವನ್ನು ಸೌಟುಸೌಟಾಗಿ ಹೊಯ್ಯುತ್ತ ಸುಮಾರು 20 ನಿಮಿಷಗಳ ಕಾಲ ಕೈಯಾಡಿಸಬೇಕು. ಅಕ್ಕಿಯ ಗಂಜಿಯೇ ಬಿಟ್ಟುಕೊಂಡು ಅನ್ನವು ಕೆನೆಯಂತೆ ಆಗುವುದು. ಇಳಿಸಿದ ಕೂಡಲೆ ಉಣ್ಣದಿದ್ದರೆ ಆ ಗಂಜಿಯೇ ಬಿಗಿದು ಅಂಟಾಗುವುದು. ಅಂದು ಬಂದುದು ಎಲ್ಲಿಯೋ ಬಹಳ ಹೊತ್ತು ಕಾದುದಾಗಿದ್ದಿತು. ತಣ್ಣಗೆ, ಉಪ್ಪು ಮಿಕ್ಕು, ಕಾಗದಗಳನ್ನು ಅಂಟಿಸಲು ಯೋಗ್ಯವಾಗಿದ್ದಿತು. ಅಂಚೆಯ ಕಚೇರಿಯಲ್ಲಿ ಜೀವಮಾನವನ್ನು ಕಳೆದ ರಾಯರಿಗೆ ಈ ಉಪಮೆಯು ತಾನಾಗಿ ಹೊಳೆಯಿತು. ಇನ್ನೊಂದು ತಟ್ಟೆಯ ಹೂಕೋಸು ಹೊರಗೆ ಇದ್ದಿಲಾಗಿ ಒಳಗೆ ಹಸಿಯಾಗಿದ್ದಿತು. ಹುಡುಗಿಯು ಬಂದು, “ಎಲ್ಲವೂ ಸರಿಯಾಗಿದೆಯೇ?” ಎಂದು ಕೇಳಿದಾಗ ರಾಯರು ಸಂಕೋಚದಿಂದ, “ಚೆನ್ನಾಗಿದೆ, ಚೆನ್ನಾಗಿದೆ” ಎಂದರು.

ಲೆಕ್ಕದ ಚೀಟಿ ಬಂದಿತು. ಸೊಪ್ಪಿನ ಕೋಸಂಬರಿಯಂತಹುದಕ್ಕೆ 13, ಅನ್ನಕ್ಕೆ 26, ಹೂಕೋಸಿಗೆ 23, ಸಿಹಿಗೆ 10. ಒಟ್ಟು 72 ಡಾಲರು. ನೂರಕ್ಕೆ 8.25ರಂತೆ ತೆರಿಗೆ 5 ಡಾಲರು 94 ಸೆಂಟು. ಕೆಳಗೆ ಭಕ್ಷೀಸಿಗೆಂದು ಬಿಟ್ಟ ಖಾಲಿ ಗೆರೆ. ರಾಯರು 80 ಡಾಲರುಗಳನ್ನು ಎಣಿಸಿಟ್ಟು, “ಮಿಕ್ಕ 2 ಡಾಲರು 6 ಸೆಂಟು ಅವಳಿಗೆ ಸಾಕು. ಮಗಳು ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿದ ಹಣ. ಇಂತಹ ಊಟಕ್ಕೆ ಇನಾಮು ಬೇರೆಯೇ?” ಎಂದರು.

ಆ ದೇಶದ ಈ ಪದ್ಧತಿಯಲ್ಲಿ ಒಂದು ತೊಡಕುಂಟು. ಭಕ್ಷೀಸು ಯೂರೋಪಿನಿಂದ ಬಂದು, 1865ರಲ್ಲಿ ಅಂತರ್ಯುದ್ಧವು ಮುಗಿದ ಮೇಲೆ ಅಲ್ಲಿ ಹಬ್ಬಿತು. ಇದು ಸಮಾನತೆಗೆ ಒಪ್ಪದ ನಡತೆಯೆಂದು ಹಲವರು ಹಳಿದರು. 1909ರಲ್ಲಿ ವಾಷಿಂಗ್ಟನ್ ಸಂಸ್ಥಾನವು ಅದನ್ನು ಕಾನೂನಿನಿಂದ ನಿಷೇಧಿಸಿತು. ಬೇರೆ ಕೆಲವು ಸಂಸ್ಥಾನಗಳೂ ಹಾಗೆಯೇ ಮಾಡಿದುವು. 1926ರೊಳಗೆ ಆ ನಿಷೇಧಗಳೆಲ್ಲ ರದ್ದಾದುವು. 1938ರ ಕನಿಷ್ಠ ವೇತನದ ಶಾಸನಕ್ಕೆ 1966ರಲ್ಲಿ ಆದ ತಿದ್ದುಪಡಿಯು, ಗಿರಾಕಿಗಳು ಕೊಡುವ ಭಕ್ಷೀಸನ್ನು ವೇತನದ ಭಾಗವಾಗಿ ಎಣಿಸಿಕೊಳ್ಳಲು ಮಾಲಿಕರಿಗೆ ಅವಕಾಶವನ್ನು ಕೊಟ್ಟಿತು. ಬಡಿಸುವವರಿಗೆ ಮಾಲಿಕನು ಕೈಯಿಂದ ಕೊಡಲೇಬೇಕಾದ ಮೊತ್ತವು 1991ರಿಂದ ಘಂಟೆಗೆ 2 ಡಾಲರು 13 ಸೆಂಟು. ಹೆಚ್ಚು ಕೊಡುವ ಸಂಸ್ಥಾನಗಳುಂಟು. ಡಲಾಸ್ ಸೇರಿರುವ ಟೆಕ್ಸಾಸಿನಲ್ಲಿ ಆ ವರ್ಷವೂ ಇದೇ ನಡೆಯುತ್ತಿದ್ದಿತು. ಭಕ್ಷೀಸು ಸೇರಿಯೂ ಘಂಟೆಗೆ 7 ಡಾಲರು 25 ಸೆಂಟು ಆಗದಿದ್ದರೆ ಮಾತ್ರ ಮಾಲಿಕನು ಕೊರತೆಯನ್ನು ತುಂಬಬೇಕು. ಎಂದರೆ, ಪಟ್ಟಿಯಲ್ಲಿ ಅಚ್ಚಾದ ಬೆಲೆಯು ಊಟದ ಪೂರ್ಣ ಬೆಲೆಯಲ್ಲ. ಉಳಿದುದು ಉಂಡವನ ಮನಸ್ಸಾಕ್ಷಿಗೆ ಬಿಟ್ಟದ್ದು. ನೂರಕ್ಕೆ ಇಪ್ಪತ್ತು ಕೊಡುವುದು ಇಂತಹ ಕಡೆ ರೂಢಿ. ಇದನ್ನು ಮಗಳು ತಾಯಿಗೆ ಮೊದಲೇ ವಿವರಿಸಿದ್ದಳು.

ಪತ್ನಿಯು ಇದನ್ನು ತಿಳಿಸಿ, “ಅನ್ನ ಕೆಟ್ಟದ್ದು ಒಳಗೆ. ದಂಡ ಇವಳಿಗೇ?” ಎಂದರು.

“ತಂದವಳು ನೋಡಬಾರದಾಗಿತ್ತೇ?”

“ನೋಡಿದಳಲ್ಲ. ಅವಳು ಎರಡು ಸಲ ಹೋಗಿ ಕೇಳಿ ಬರದೆ ಇದ್ದಿದ್ದರೆ ಈ ದಿವಸ ಕೋಳಿಯ ರಸ ಕುಡಿದು ಎದ್ದಿರುತ್ತಿದ್ದೆವು. ಆಮೇಲೂ ಬಂದು ಕೇಳಿದಳು. ನೀವು ಚೆನ್ನಾಗಿದೆ ಎಂದಿರಿ. ಆಗ ಬಾಯಲ್ಲಿ ಹೇಳದೆ ಈಗ ದುಡ್ಡಿನಲ್ಲಿ ಬೈಯುವುದೇ?”

ರಾಯರು ಉತ್ತರಕೊಡಲಿಲ್ಲ. ಆಕೆಯು ಸ್ವಲ್ಪ ತಡೆದು ಮತ್ತೆ ಹೇಳಿದರು: “ನಮ್ಮ ಮದುವೆಯ ದಿವಸ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅಡಿಗೆಯವನು ಒಲೆಯ ಮುಂದೆ ಇದ್ದ. ಬೀಗರ ಪಂಕ್ತಿಗೆ ಬಡಿಸುತ್ತಿದ್ದವನು ನನ್ನ ತಮ್ಮ. ನಿಮ್ಮ ದೊಡ್ಡಪ್ಪನವರು ಎಲ್ಲರೆದುರಿಗೆ ಅವನನ್ನು ಅಂದರು. ಹುಡುಗ ಆ ದಿನ ಉಣ್ಣಲಿಲ್ಲ.”

ಈ ಮಾತನ್ನು ಆಕೆಯು 40 ವರ್ಷಗಳಲ್ಲಿ ಒಮ್ಮೆಯೂ ಆಡಿದವರಲ್ಲ. ಸಂಗೀತದ ಗದ್ದಲದಲ್ಲಿಯೂ ರಾಯರಿಗೆ ಒಂದೊಂದಕ್ಷರವೂ ಕೇಳಿಸಿತು. ಅಂದು ಅವರು ಅದೇ ಪಂಕ್ತಿಯಲ್ಲಿ ಕುಳಿತಿದ್ದರು. ದೊಡ್ಡಪ್ಪನವರ ಮಾತನ್ನು ಕೇಳಿಯೂ ಸುಮ್ಮನಿದ್ದರು.

ಅವರು ನೋಟುಗಳನ್ನು ಮತ್ತೆ ಎಣಿಸಿ, 15 ಡಾಲರುಗಳನ್ನು ಬೇರೆಯಾಗಿ ಇಟ್ಟರು. ಹುಡುಗಿಯು ಬಂದಾಗ, ಅನ್ನವು ತಣ್ಣಗಾಗಿದ್ದಿತೆಂದೂ, ಅದು ಅವಳ ತಪ್ಪಲ್ಲವೆಂದೂ, ಸೂಪಿನ ವಿಷಯವನ್ನು ವಿಚಾರಿಸಿ ಹೇಳಿದುದು ದೊಡ್ಡ ಉಪಕಾರವೆಂದೂ ತಮಗೆ ಬಂದ ಇಂಗ್ಲಿಷಿನಲ್ಲಿ ತಿಳಿಸಿದರು. ಅವಳ ಮುಖವು ಬಾಡಿತು. ಮೊದಲೇ ಹೇಳಿದ್ದರೆ ಬೇರೆ ತಟ್ಟೆಯನ್ನು ತರಿಸಿಕೊಡುತ್ತಿದ್ದೆನಲ್ಲಾ ಎಂದಳು. ರಾಯರು ಕೈಮುಗಿದು ಎದ್ದರು. ಹೊರಗೆ ಅಳಿಯನು ಕಾರಿನಲ್ಲಿ ಕಾದಿದ್ದನು.

ಬೆಳಿಗ್ಗೆ ಮಗಳು ಕೆಲಸದಿಂದ ಬಂದವಳೇ, “ಅಪ್ಪ, ಊಟ ಹೇಗಿತ್ತು?” ಎಂದು ಕೇಳಿದಳು. ತಾಯಿಯು ಗಂಡನ ಮುಖವನ್ನು ನೋಡಿದರು.

“ಅಡಿಗೆ ಕೆಟ್ಟಿತ್ತಮ್ಮ. ಬಡಿಸಿದ ಹುಡುಗಿ ಒಳ್ಳೆಯವಳು” ಎಂದು ಹೇಳಿ ರಾಯರು, ಉಳಿದ 7 ಡಾಲರು 6 ಸೆಂಟುಗಳನ್ನು ಎಣಿಸಿ ಅವಳ ಕೈಗೆ ಕೊಟ್ಟರು. ಮಗಳು ನಕ್ಕಳು. ಅಷ್ಟರಲ್ಲಿ ತಾಯಿಯು ಒಲೆಯ ಮೇಲೆ ಸಾರಿಗೆ ಬೇಳೆಯನ್ನಿಟ್ಟಾಗಿದ್ದಿತು. ಆ ದಿನ ಬಡಿಸಿದವರು ರಾಯರು.