ಬಿದ್ದ ತಂಡವನ್ನು ಎತ್ತಿ ನಿಲ್ಲಿಸುವದು

ಸಂಸಾರಕ್ಕೆ ಉತ್ಕರ್ಷ ಅಪಕರ್ಷಗಳು ಬರುವಂತೆ ಸಂಘಗಳಿಗೂ ಬರುತ್ತವೆ. ಏಳುವ ಕಾಲದಲ್ಲಿ ಕರೆಯದಿದ್ದರೂ ಹತ್ತು ಜನ ಬಂದು ಕಟ್ಟೆಯ ಮೇಲೆ ಕೂಡುವರು; ಬೀಳುವ ಕಾಲಕ್ಕೆ ಕಟ್ಟೆ ತಾನಾಗಿಯೇ ಬರಿದಾಗುವದು. ಈ ಮಾತಿಗೆ ದೃಷ್ಟಾಂತವಾಗಿ ನಾನು ಕಾಲ್ಚೆಂಡಾಟದ ವಿಷಯವನ್ನು ಎತ್ತಿಕೊಂಡದ್ದನ್ನು ಕಂಡು ವಾಚಕರು ನಗಬಹುದು. ಮೂವತ್ತು ವರ್ಷ ಹುಡುಗರಿಂದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ಸಂಸ್ಕೃತದ ಮಾಸ್ತರನಿಗೂ ಚೆಂಡಿಗೂ ಏನು ಸಂಬಂಧ? ಸಂಬಂಧ ಬಂದದ್ದು ನಮ್ಮ ಅಕ್ಕನ ಹೊಲದ ದೆಸೆಯಿಂದ.

ಈ ಆಟದ ವ್ಯವಸ್ಥೆಯನ್ನು ಅರಿಯದವರಿಗಾಗಿ ಎರಡು ಮಾತು ಹೇಳುವೆನು. ದೊಡ್ಡ ನಗರಗಳಲ್ಲಿ ಸಂಘಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಶ್ರೇಣಿಗಳಲ್ಲಿ ಇಟ್ಟಿರುವರು. ಬೆಂಗಳೂರಿನಲ್ಲಿ ಎಲ್ಲಕ್ಕೂ ಮೇಲಿನದು ಸುಪರ್ ಡಿವಿಜನ್. ಅದರ ಕೆಳಗೆ ಎ ಡಿವಿಜನ್. ಅದಕ್ಕೂ ಕೆಳಗೆ ಇನ್ನೂ ಕೆಲವು. ವರ್ಷದ ಕೊನೆಗೆ ತಳದಲ್ಲಿ ಉಳಿದವರು ಒಂದು ಮೆಟ್ಟಿಲು ಇಳಿಯತಕ್ಕದ್ದು, ಕೆಳಗೆ ಗೆದ್ದವರು ಏರತಕ್ಕದ್ದು. ನ್ಯಾಯವಾದ ಪದ್ಧತಿಯೇ ಸರಿ. ಆದರೆ ಇಳಿದ ತಂಡಕ್ಕೆ ಅಪಮಾನವೊಂದೇ ಬರುವದಿಲ್ಲ. ಅದರ ಬೆನ್ನಿಗೆ ದಾರಿದ್ರ್ಯವೂ ಬರುವದು. ಪೋಷಕರು ಕೈ ಹಿಂದೆಗೆಯುವರು, ನುರಿತ ಆಟಗಾರರು ಬೇರೆ ಕಡೆಗೆ ಹೋಗುವರು, ಹಳೆಯ ಸಾಲ ಮಾತ್ರ ನಿಷ್ಠೆಯಿಂದ ಜತೆಯಲ್ಲಿ ನಿಲ್ಲುವದು.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕುಸ್ತಿ, ಕಬಡ್ಡಿ, ಖೋ ಖೋಗಳಿಗೆ ಇದ್ದ ಮನ್ನಣೆ ಕಾಲ್ಚೆಂಡಿಗೆ ಇರಲಿಲ್ಲ. ಈ ಸೀಮೆಯು 1956ರ ವರೆಗೆ ಹೈದರಾಬಾದ ರಾಜ್ಯಕ್ಕೆ ಸೇರಿತ್ತು. ಆ ಹೈದರಾಬಾದ ನಗರದ ಪೋಲೀಸರ ತಂಡವು 1950ರಿಂದ 1954ರ ವರೆಗೆ ಐದು ವರ್ಷ ಒಂದೇ ಸವನೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದರ ಶಿಕ್ಷಕರಾದ ಸೈಯದ ಅಬ್ದುಲ್ ರಹೀಮರು ಮೂಲತಃ ನನ್ನಂತೆಯೇ ಶಾಲಾಮಾಸ್ತರರು. 1962ರಲ್ಲಿ ಜಕಾರ್ತದ ಏಶಿಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ ತಂಡವನ್ನು ತಿದ್ದಿದವರು ಅವರೇ. ಇಷ್ಟಾದರೂ ಆ ಚೆಂಡು ಉರುಳುತ್ತ ನಮ್ಮ ಹಳ್ಳಿಗಳ ವರೆಗೆ ಬರಲಿಲ್ಲ. ನಮ್ಮ ಮನೆಗೆ ಅದು ಬಂದದ್ದು ಬೆಂಗಳೂರಿನ ಕಡೆಯಿಂದ.

ಅಕ್ಕನನ್ನು ಕುಷ್ಟಗಿಯ ಸಮೀಪದ ಹಳ್ಳಿಗೆ ಕೊಟ್ಟದೆ. ಅವಳ ಒಬ್ಬನೇ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಬಿಡುವಿನ ವೇಳೆಯನ್ನೆಲ್ಲ ಅವನು ಒಂದು ಚಿಕ್ಕ ಕಾಲ್ಚೆಂಡು ಸಂಘಕ್ಕೆ ಧಾರೆಯೆರೆದಿದ್ದನು; ಅದರ ಕಾರ್ಯದರ್ಶಿಯೂ ಆಗಿದ್ದನು. 2023ರಲ್ಲಿ ಆ ಸಂಘವು ಸುಪರ್ ಡಿವಿಜನ್‌ದಿಂದ ಕೆಳಗೆ ಇಳಿಯಿತು. ಅಷ್ಟು ದಿನ ಹಣ ಕೊಡುತ್ತಿದ್ದ ಪೋಷಕರೊಬ್ಬರು ಹಿಂದೆ ಸರಿದರು. ಆಟಗಾರರಿಗೆ ಮೂರು ತಿಂಗಳ ವೇತನ ನಿಂತಿತು. ಇಪ್ಪತ್ತು ಜನರಲ್ಲಿ ಹದಿಮೂರು ಜನ ಬಿಟ್ಟುಹೋದರು. ಆಗ ನಮ್ಮ ಹುಡುಗನು ತಾಯಿಗೆ ಒಂದು ದೀರ್ಘ ಪತ್ರ ಬರೆದನು. ಐದು ಎಕರೆ ಎರೆಹೊಲವನ್ನು ಒತ್ತೆಯಿಟ್ಟು ಹದಿನೈದು ಲಕ್ಷ ರೂಪಾಯಿ ಸಾಲ ತೆಗೆಯಬೇಕು. ಅದರಿಂದ ಹೆಸರಾದ ನಾಲ್ವರು ಆಟಗಾರರನ್ನು ಹೊರಗಿನಿಂದ ತರಬೇಕು. ಒಂದೇ ವರ್ಷದಲ್ಲಿ ಸಂಘವು ಮತ್ತೆ ಮೇಲಕ್ಕೇರುವದು, ಪೋಷಕರು ತಾವಾಗಿಯೇ ಬರುವರು, ಸಾಲ ತೀರುವದು: ಇದು ಪತ್ರದ ಸಾರಾಂಶ.

ಅಕ್ಕ ಆ ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಕೊಪ್ಪಳಕ್ಕೆ ಬಂದಳು. ಓದಿಸಿ ಕೇಳಿದ ಮೇಲೆ, "ತಮ್ಮಾ, ಹೊಲ ಹೋದ್ರ ಮತ್ತ ಬರೂದಿಲ್ಲ, ಹುಡುಗನ ಮನಸು ಮುರದ್ರ ಅದೂ ಬರೂದಿಲ್ಲ. ನಾ ಏನ ಮಾಡ್ಲಿ?" ಎಂದಳು. ಗಂಗಾವತಿಯವರಂತೆ ಕಾಲುವೆಯ ನೀರಿನ ಭತ್ತದ ಗದ್ದೆಯಲ್ಲ ಅದು. ಮಳೆಯನ್ನೇ ನಂಬಿ ಸಜ್ಜೆ, ಕಡಲೆ, ಜೋಳ ಬೆಳೆಯುವ ಭೂಮಿ. ಅದೊಂದೇ ಅವಳ ಮುಪ್ಪಿನ ಆಸರ.

ನಾನು ಕೂಡಲೇ ಉತ್ತರ ಬರೆಯಲಿಲ್ಲ. ಹಿಂದೆ ಬಿದ್ದ ತಂಡಗಳ ಗತಿ ಏನಾಯಿತೆಂಬುದನ್ನು ಓದಿ ಕೇಳಿ ತಿಳಿದುಕೊಂಡೆನು. ಇಂಗ್ಲಂಡದ ಲೀಡ್ಸ್ ಎಂಬ ಸಂಘವು 2001ರಲ್ಲಿ ಯುರೋಪದ ಅತ್ಯುಚ್ಚ ಸ್ಪರ್ಧೆಯ ಉಪಾಂತ್ಯದ ವರೆಗೆ ಹೋಗಿತ್ತು. ಆದರೆ ಮುಂದೆ ಇಪ್ಪತ್ತೈದು ವರ್ಷ ಮಾರಾಟವಾಗಬೇಕಾದ ಟಿಕೇಟುಗಳ ಉತ್ಪನ್ನವನ್ನೇ ಒತ್ತೆಯಿಟ್ಟು ಆರು ಕೋಟಿ ಪೌಂಡು ಸಾಲ ಮಾಡಿತ್ತು. ಎಣಿಸಿದ ಗೆಲವು ಬರಲಿಲ್ಲ. ಸಾಲ ಮಾತ್ರ ಬಂದಿತು. 2004ರಲ್ಲಿ ಇಳಿದದ್ದು ಮತ್ತೆ ಮೊದಲಿನ ಸ್ಥಾನಕ್ಕೆ ಏರಿದ್ದು 2020ರಲ್ಲಿ, ಹದಿನಾರು ವರ್ಷಗಳ ತರುವಾಯ. ನಮ್ಮ ದೇಶದಲ್ಲಿಯೂ ಹೀಗೆಯೇ. ರಾಷ್ಟ್ರೀಯ ಲೀಗನ್ನು ಮೊಟ್ಟಮೊದಲು ಗೆದ್ದ ಪಂಜಾಬದ ಜೆಸಿಟಿ ತಂಡವು 2011ರಲ್ಲಿ ಕೆಳಗಿಳಿದೊಡನೆ ಅದರ ಗಿರಣಿಯವರು ತಂಡವನ್ನೇ ಮುಚ್ಚಿಬಿಟ್ಟರು. ಬೆಂಗಳೂರಿನ ವಿಮಾನ ಕಾರ್ಖಾನೆಯಾದ ಹಿಂದುಸ್ಥಾನ್ ಏರೋನಾಟಿಕ್ಸಿನ ತಂಡವು 2010ರಲ್ಲಿ ರಾಷ್ಟ್ರದ ಮೇಲಿನ ಶ್ರೇಣಿಗೆ ಏರಿತು. 2012ರಲ್ಲಿ ತಳ ಕಂಡು ಇಳಿಯಿತು. ಆಮೇಲೆ ಅದು ಆ ಮೆಟ್ಟಿಲನ್ನು ಪುನಃ ಏರಲಿಲ್ಲ.

ಇವಕ್ಕೆ ವಿರುದ್ಧವಾದ ಉದಾಹರಣೆಯೂ ದೊರೆಯಿತು. ಇಟಲಿಯ ಫ್ಲಾರೆನ್ಸ್ ನಗರದ ಫಿಯೊರೆಂಟಿನಾ ಸಂಘವು 2002ರಲ್ಲಿ ಇಳಿದು ದಿವಾಳಿಯೆದ್ದಿತು; ಬೇರೆ ಹೆಸರಿನಿಂದ ನಾಲ್ಕನೆಯ ಶ್ರೇಣಿಯಲ್ಲಿ ಹೊಸದಾಗಿ ಆರಂಭಿಸಬೇಕಾಯಿತು. ಅದೇ ವರ್ಷ ಇಟಲಿಯ ಪರವಾಗಿ ವಿಶ್ವಕಪ್ಪಿನಲ್ಲಿ ಆಡಿ ಬಂದಿದ್ದ ಆಂಜೆಲೊ ದಿ ಲಿವಿಯೊ ಎಂಬಾತನು ಮಾತ್ರ ತಂಡವನ್ನು ಬಿಡದೆ ನಾಲ್ಕನೆಯ ಶ್ರೇಣಿಗೂ ಅದರೊಡನೆ ಇಳಿದನು. 2004ರಲ್ಲಿ ಆ ಸಂಘವು ಮೇಲಿನ ಶ್ರೇಣಿಗೆ ಮರಳಿತು. ಆಗಲೂ ಅವನು ಅದರಲ್ಲಿದ್ದನು. ಇಂಗ್ಲಂಡದ ಪೋರ್ಟ್ಸ್‌ಮತ್ ಸಂಘವು ಮೂರು ಸಲ ಇಳಿದು ಮುಳುಗುವಂತಾದಾಗ, 2013ರಲ್ಲಿ ಅಭಿಮಾನಿಗಳೇ ಒಬ್ಬೊಬ್ಬರು ಸಾವಿರ ಪೌಂಡಿನಂತೆ ಪಾಲು ಹಾಕಿ ಅದನ್ನು ಕೊಂಡು, ಮೊದಲು ಹಳೆಯ ಸಾಲ ತೀರಿಸಿ, 2017ರಲ್ಲಿ ಆ ಶ್ರೇಣಿಯನ್ನು ಗೆದ್ದರು.

ಯಲಬುರ್ಗಾದ ಕಡೆಯ ಇಟಗಿಯಲ್ಲಿ ಮಹಾದೇವ ದಂಡನಾಯಕನು 1112ರಲ್ಲಿ ಕಟ್ಟಿಸಿದ ದೇವಾಲಯವನ್ನು ವಾಚಕರು ಕಂಡಿರಬಹುದು. ಅಂಥ ಹಳೆಯ ಗುಡಿಯ ಜೀರ್ಣೋದ್ಧಾರಕ್ಕೆ ನಿಂತವರು ಮೊದಲ ದಿನವೇ ಹೊಸ ಕಳಸವನ್ನು ತರುವದಿಲ್ಲ. ಗೋಡೆಯೊಳಗೆ ಬೇರುಬಿಟ್ಟ ಗಿಡಗಳನ್ನು ಕೀಳುವರು. ಬಿದ್ದ ಕಲ್ಲುಗಳಿಗೆ ಅಂಕೆ ಹಾಕುವರು. ಗಟ್ಟಿಯಾಗಿದ್ದ ಕಲ್ಲನ್ನು ಅದರ ಸ್ಥಾನದಲ್ಲಿಯೇ ಕೂಡಿಸುವರು. ನಾನು ಸೋದರಳಿಯನಿಗೆ ಬರೆದದ್ದೂ ಇದೇ ಕ್ರಮವನ್ನು. ಮೊದಲು ಸಾಲದ ಬೇರು ಕೀಳಬೇಕು. ಆಮೇಲೆ ಉಳಿದವರನ್ನು ಉಳಿಸಿಕೊಳ್ಳಬೇಕು. ತರುವಾಯ ಹುಡುಗರನ್ನು ಬೆಳೆಯಿಸಬೇಕು. ಬರಗಾಲದಲ್ಲಿ ಕುಷ್ಟಗಿಯ ರೈತನು ಅರೆಹೊಟ್ಟೆ ಉಂಡರೂ ಬೀಜದ ಕಾಳನ್ನು ಉಣ್ಣುವದಿಲ್ಲ. ಹೊಲವನ್ನು ಒತ್ತೆಯಿಟ್ಟು ಊರವರಿಗೆ ಔತಣವನ್ನೂ ಹಾಕುವದಿಲ್ಲ. ನೂರಕ್ಕೆ ಹನ್ನೊಂದರ ಬಡ್ಡಿಯಂತೆ ಹದಿನೈದು ಲಕ್ಷಕ್ಕೆ ವರ್ಷಕ್ಕೆ ಒಂದು ಲಕ್ಷ ಅರವತ್ತೈದು ಸಾವಿರ ಆಗುವದು. ನಿಮ್ಮ ಸಂಘದ ಉತ್ಪನ್ನವು ಒಳ್ಳೆಯ ವರ್ಷದಲ್ಲಿಯೂ ಆರು ಲಕ್ಷ ದಾಟಿಲ್ಲ. ಲೆಕ್ಕವನ್ನು ನೀನೇ ನೋಡು ಎಂದೂ ಬರೆದೆನು.

ಬಿಟ್ಟುಹೋದ ಹದಿಮೂರು ಜನರನ್ನು ಅವನು ಪತ್ರದಲ್ಲಿ ಕೃತಘ್ನರೆಂದು ಕರೆದಿದ್ದನು. ಈ ಶಬ್ದವು ನನಗೆ ಸರಿತೋರಲಿಲ್ಲ. ಭೃತ್ಯನೆಂದರೆ ಭರಿಸಲ್ಪಡತಕ್ಕವನು, ಪೋಷಿಸಲ್ಪಡತಕ್ಕವನು ಎಂದರ್ಥ. ಮೂರು ತಿಂಗಳು ಅನ್ನಕ್ಕೆ ಆಧಾರವಿಲ್ಲದೆ ಆಡಿದವನು ಹೊರಟುಹೋದರೆ ಕೃತವನ್ನು ಮರೆತವನು ಅವನಲ್ಲ. ಆದಕಾರಣ ಹೋದವರಿಗೂ ಇದ್ದವರಿಗೂ ಬಾಕಿಯನ್ನು ಸಮನಾಗಿ ಸಲ್ಲಿಸಬೇಕೆಂದು ತಿಳಿಸಿದೆನು.

ಹುಡುಗನು ಸುಮ್ಮನೆ ಒಪ್ಪಲಿಲ್ಲ. "ಮಾಮಾ, ನೀವು ಹೇಳುವದು ಗುಡಿಯ ಮಾತು. ಕಲ್ಲು ಕಾಯುತ್ತದೆ, ಆಟಗಾರನ ವಯಸ್ಸು ಕಾಯುವದಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ದುಡ್ಡಿದ್ದದ್ದರಿಂದಲ್ಲವೇ ಮೊದಲ ವರ್ಷದಲ್ಲಿಯೇ ದೇಶದ ಲೀಗನ್ನು ಗೆದ್ದದ್ದು?" ಎಂದು ದೂರವಾಣಿಯಲ್ಲಿ ವಾದಿಸಿದನು. ಅವನ ಮಾತಿನಲ್ಲಿ ಸತ್ಯವಿತ್ತು. ದ್ರವ್ಯವಿಲ್ಲದೆ ಯಾವ ಸಂಘವೂ ನಡೆಯದು. ನಾನು ಇಷ್ಟನ್ನೇ ಹೇಳಿದೆನು: "ತಮ್ಮಾ, ಆ ದುಡ್ಡು ದೊಡ್ಡ ಉದ್ಯಮದವರದು. ಹೋದರೆ ಅವರ ಮನೆಯ ಒಲೆ ಆರುವದಿಲ್ಲ. ನೀನು ಪಣಕ್ಕಿಡುವದು ನಿನ್ನ ತಾಯಿಯ ಒಲೆಯನ್ನು." ಅವನು ಬಹಳ ಹೊತ್ತು ಮಾತಾಡಲಿಲ್ಲ. ಮುಂದೆ 2025ರ ಆಗಸ್ಟಿನಲ್ಲಿ ಲೀಗಿನ ಭವಿಷ್ಯವೇ ಅನಿಶ್ಚಿತವಾದಾಗ ಆ ಬೆಂಗಳೂರು ಎಫ್‌ಸಿಯವರೂ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿಯಬೇಕಾಯಿತು. ಧನವಂತರಿಗೂ ಇಂಥ ದಿನ ಬರುವದು.

ಹೊಲ ಒತ್ತೆ ಬೀಳಲಿಲ್ಲ. ಬಾಕಿ ಇದ್ದ ವೇತನ ಸುಮಾರು ನಾಲ್ಕು ಲಕ್ಷ. ಸಂಘದ ಹಳೆಯ ಸದಸ್ಯರು ನಾಲ್ವತ್ತೆರಡು ಜನ ಐದೈದು ಸಾವಿರ ಕೊಟ್ಟರು. ಅದರಿಂದ ಎರಡು ಲಕ್ಷ ಹತ್ತು ಸಾವಿರ ಕೂಡಿತು. ಉಳಿದದ್ದಕ್ಕಾಗಿ ನಮ್ಮ ಹುಡುಗನೂ ಇಬ್ಬರು ವಯಸ್ಸಾದ ಹಳೆಯ ಆಟಗಾರರೂ ಪ್ರತಿ ರವಿವಾರ ಬೆಳಿಗ್ಗೆ ಓಣಿಯ ಮಕ್ಕಳಿಗೆ ಆಟ ಕಲಿಸಲು ಪ್ರಾರಂಭಿಸಿದರು. ಮಕ್ಕಳ ಶುಲ್ಕದಿಂದ ಹತ್ತು ತಿಂಗಳಲ್ಲಿ ಮಿಕ್ಕ ಬಾಕಿ ತೀರಿತು. ಉಳಿದಿದ್ದ ಏಳು ಜನರಲ್ಲಿ ಹಿರಿಯನಾದ ಗೋಲರಕ್ಷಕನನ್ನು ನಾಯಕನನ್ನಾಗಿ ಮಾಡಿದರು. ಬರಿದಾದ ಸ್ಥಳಗಳಿಗೆ ಹದಿನೆಂಟು ಇಪ್ಪತ್ತರ ಹುಡುಗರನ್ನು ಪರೀಕ್ಷಿಸಿ ತೆಗೆದುಕೊಂಡರು. ಅವರಲ್ಲಿ ಒಬ್ಬನು ಯಲಬುರ್ಗಾ ತಾಲೂಕಿನವನು, ತಂದೆತಾಯಿಗಳೊಡನೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋದವನು. ಬಿಟ್ಟುಹೋದವರಲ್ಲಿ ಇಬ್ಬರು, ಬಾಕಿ ಕೈಸೇರಿದ ಮೇಲೆ, ಕಡಿಮೆ ವೇತನಕ್ಕೆ ತಾವಾಗಿಯೇ ಮರಳಿ ಬಂದರು. ಇದನ್ನು ನಾನು ಸಹ ನಿರೀಕ್ಷಿಸಿರಲಿಲ್ಲ.

ತಂಡವು ಮೇಲಕ್ಕೇರಿತೇ ಎಂದು ವಾಚಕರು ಕೇಳುವರು. ಇನ್ನೂ ಏರಿಲ್ಲ. ಮೊದಲ ವರ್ಷ ಮತ್ತೊಂದು ಮೆಟ್ಟಿಲು ಇಳಿಯುವದು ಕೂದಲೆಳೆಯಲ್ಲಿ ತಪ್ಪಿತು; ಎರಡನೆಯ ವರ್ಷ ನಡುವಿನ ಸ್ಥಾನ ದೊರೆಯಿತು. ಆದರೆ ಯಾರ ಬಾಕಿಯೂ ಇಲ್ಲ. ತಿಂಗಳ ಮೊದಲ ವಾರದಲ್ಲಿ ವೇತನ ಸಲ್ಲುತ್ತದೆ. ಏರುವ ಕಾಲ ದೂರವಾಯಿತೆಂದು ಹುಡುಗನು ಕೆಲವು ಸಲ ನಿಟ್ಟುಸಿರು ಬಿಡುವನು. ಆಗ ನಾನು ನಮ್ಮ ರಾಜ್ಯದ ತಂಡದ ಮಾತನ್ನು ಅವನಿಗೆ ನೆನಪು ಮಾಡುವೆನು. ಮೈಸೂರೆಂಬ ಹೆಸರಿನಲ್ಲಿ ನಾಲ್ಕು ಸಲ ಸಂತೋಷ ಟ್ರೋಫಿಯನ್ನು ಗೆದ್ದ ಈ ರಾಜ್ಯವು 1968-69ರ ತರುವಾಯ ಐದನೆಯ ಗೆಲವಿಗೆ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. ಕೊನೆಗೆ 2023ರ ಮಾರ್ಚ್ 4ರಂದು ದೂರದ ರಿಯಾದ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವೆಂಬ ಹೆಸರಿನಲ್ಲಿ ಮೊದಲ ಸಲ ಗೆದ್ದಿತು. ಈ ನಡುವೆ ಮಕ್ಕಳಿಗೆ ಆಟ ಕಲಿಸುವದನ್ನು ಚಿಕ್ಕ ಸಂಘಗಳು ಬಿಟ್ಟುಬಿಟ್ಟಿದ್ದರೆ ಆ ದಿನ ಬರುತ್ತಿರಲಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಮಗನೋ ಅಳಿಯನೋ ಬಿದ್ದ ಸಂಘವೊಂದಕ್ಕಾಗಿ, ಅದು ಆಟದ್ದಿರಲಿ, ನಾಟಕದ್ದಿರಲಿ, ಮನೆಯ ಹಣ ಕೇಳಿದರೆ ಅವನನ್ನು ಹುಚ್ಚನೆಂದು ಹಳಿಯಬೇಡಿರಿ. ಅಂಥ ಹುಚ್ಚಿಲ್ಲದೆ ಯಾವ ಸಂಘವೂ ಬಾಳದು. ಹಣವನ್ನು ಎಣಿಸುವದಕ್ಕೆ ಮುಂಚೆ ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿರಿ. ಹಳೆಯ ಬಾಕಿ ಎಷ್ಟು? ಬಿಡದೆ ಉಳಿದವರು ಯಾರು? ಕಲಿಯಲು ಬಂದ ಮಕ್ಕಳು ಎಷ್ಟು ಜನ? ಮೂರಕ್ಕೂ ಅವನು ಕಣ್ಣು ಎತ್ತಿ ಉತ್ತರ ಕೊಟ್ಟರೆ ನಿಮ್ಮ ಕೈಲಾದಷ್ಟನ್ನು, ಕೈಲಾದಷ್ಟನ್ನೇ, ಕೊಡಿರಿ. ನಾನು ಕೊಟ್ಟದ್ದು ಒಂದು ತಿಂಗಳ ಪಿಂಚಣಿ. ಅಕ್ಕ ಕಳೆದ ಸುಗ್ಗಿಯಲ್ಲಿ ಒಂದು ಚೀಲ ಸಜ್ಜೆಯನ್ನು ಬೆಂಗಳೂರಿಗೆ ಕಳಿಸಿದಳು. ಆಟಗಾರರು ರೊಟ್ಟಿ ತಿಂದು ಆಡಲಿ ಎಂಬುದು ಅವಳ ಅಭಿಪ್ರಾಯ.